ಕಾರ್ ಕೈಕೊಟ್ರೆ ಮೊದ್ಲು ಮೀಟರ್ ಇಟ್ಟು ನೋಡಿ, ಪಾರ್ಟ್ ಬದಲಾಯ್ಸೋದು ಆಮೇಲೆ

ಮೂರು ವರ್ಷದ ಹಿಂದಿನ ಮಾತು, ನನ್ನ ಡೀಸೆಲ್ ಕಾರು ಬೆಳಿಗ್ಗೆ ಹೊತ್ತು ಒಂದಿನ ಸ್ಟಾರ್ಟ್ ಆಗೋದು ಒಂದಿನ ಬರೀ ಟಕ್ ಅಂದು ಸುಮ್ನಾಗೋದು. ಗ್ಯಾರೇಜ್‌ನವ್ರು ಬ್ಯಾಟರಿ ಹೋಗಿದೆ ಅಂದ್ರು, ಹೊಸದು ಹಾಕಿಸ್ದೆ. ಹದಿನೈದು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ ರಾಗ. ಈ ಸಲ ಸ್ಟಾರ್ಟರ್ ಮೋಟಾರ್ ಅಂದ್ರು, ಅದನ್ನೂ ಹಾಕಿಸ್ದೆ, ಎರಡೂ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ ಆಯ್ತು, ಕಾಯಿಲೆ ಮಾತ್ರ ಹಾಗೇ ಇತ್ತು. ಕೊನೆಗೆ ಊರಿಗೆ ಹೋದಾಗ ಟ್ರ್ಯಾಕ್ಟರ್ ವೈರಿಂಗ್ ಮಾಡೋ ಹುಡುಗ ಒಬ್ಬ ಜೇಬಿಂದ ವೋಲ್ಟು ಕರೆಂಟು ಅಳೆಯೋ ಒಂದು ಹಳೇ ಮಲ್ಟಿಮೀಟರ್ ತೆಗೆದು, ಅಣ್ಣ ಒಂದ್ಸಲ ಸೆಲ್ಫ್ ಹೊಡೀರಿ ಅಂದ, ಹೊಡ್ದೆ, ಮೀಟರ್ ನೋಡಿ ನಕ್ಕ. ಬ್ಯಾಟರಿ ಮೈನಸ್‌ನಿಂದ ಇಂಜಿನ್‌ಗೆ ಹೋಗೋ ಅರ್ತ್ ವೈರಿನ ಬೋಲ್ಟ್ ಹತ್ರ ತುಕ್ಕು. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಟೈಟ್ ಮಾಡಿದ, ಅವತ್ತಿಂದ ಇವತ್ತಿನವರೆಗೂ ಒಂದು ಸಲನೂ ಟಕ್ ಅಂದಿಲ್ಲ.

ಅದಕ್ಕೇ ಇದನ್ನ ಬರೀತಿರೋದು. ಎಲ್ಲಾ ರಿಪೇರಿ ನೀವೇ ಮಾಡಿ ಅಂತಲ್ಲ, ಯಾವ ಪಾರ್ಟ್ ಹೋಗಿದೆ ಅನ್ನೋದನ್ನ ಊಹೆ ಮೇಲೆ ಬಿಡಬೇಡಿ ಅಂತ ಅಷ್ಟೇ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡ್‌ನಲ್ಲಿ, ಬೇರೆ ಊರಲ್ಲಿದ್ರೆ ಯಾವುದಾದ್ರೂ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗತ್ತೆ, ಡಿಸಿ 20 ವೋಲ್ಟ್ ರೇಂಜ್ ಒಂದು ಗೊತ್ತಿದ್ರೆ ಮುಕ್ಕಾಲು ಕೆಲಸ ಆಯ್ತು.

ಶುರು ಮಾಡೋ ಮುಂಚೆ ಮೂರು ಎಚ್ಚರಿಕೆ. ಹಳದಿ ಕನೆಕ್ಟರ್ ಇರೋ ವೈರ್ ಸಾಮಾನ್ಯವಾಗಿ ಏರ್‌ಬ್ಯಾಗ್‌ದು, ಅಲ್ಲಿ ಮೀಟರ್ ಇಡಬೇಡಿ. ಹೈಬ್ರಿಡ್ ಅಥವಾ ಇವಿ ಆದ್ರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಮುಟ್ಟೋ ಹಾಗೇ ಇಲ್ಲ, ಅದರಲ್ಲಿ ಜೀವ ತೆಗೆಯೋ ಅಷ್ಟು ವೋಲ್ಟೇಜ್ ಇರತ್ತೆ. ಬರೀ ಜ್ಯಾಕ್ ಮೇಲೆ ನಿಂತಿರೋ ಕಾರಿನ ಕೆಳಗೆ ನುಗ್ಗಬೇಡಿ.

ಸ್ಟಾರ್ಟ್ ಆಗ್ತಿಲ್ಲ, ಈಗೇನು?

ಮೊದ್ಲು ಕಿವಿ ಕೊಡಿ. ಕೀ ತಿರುಗಿಸಿದಾಗ ಅಥವಾ ಬಟನ್ ಒತ್ತಿದಾಗ ಏನ್ ಸದ್ದು ಬಂತು ಅನ್ನೋದೇ ಅರ್ಧ ಉತ್ತರ. ಟಕಟಕಟಕ ಅಂತ ಬೇಗ ಬೇಗ ಬಡ್ಕೊಂಡ್ರೆ ಬ್ಯಾಟರಿಯಲ್ಲಿ ಕಸುವಿಲ್ಲ ಅಥವಾ ಟರ್ಮಿನಲ್ ಲೂಸು. ಒಂದೇ ಒಂದು ಗಟ್ಟಿ ಟಕ್ ಬಂದು ಲೈಟೆಲ್ಲಾ ಜೋರಾಗೇ ಉರೀತಿದ್ರೆ ಸ್ಟಾರ್ಟರ್ ಅಥವಾ ಅದರ ದಪ್ಪ ಕೇಬಲ್ ಮೇಲೆ ಅನುಮಾನ. ಇಂಜಿನ್ ಚೆನ್ನಾಗಿ ತಿರುಗ್ತಿದೆ ಆದ್ರೆ ಹತ್ಕೊಳ್ತಿಲ್ಲ ಅಂದ್ರೆ ಬ್ಯಾಟರಿ ಬೈಯ್ಯಬೇಡಿ, ಅದು ಇಂಧನ, ಸ್ಪಾರ್ಕ್ ಅಥವಾ ಇಮೊಬಿಲೈಸರ್ (ಸರಿಯಾದ ಕೀ ಇಲ್ದೆ ಇಂಜಿನ್ ಹತ್ಕೊಳ್ಳೋಕೆ ಬಿಡದ ಕಳ್ಳತನ ತಡೆಯೋ ವ್ಯವಸ್ಥೆ) ಕಡೆಯ ವಿಷ್ಯ. ಏನೂ ಸದ್ದೇ ಇಲ್ಲ ಅಂದ್ರೆ ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ, ಆಟೋಮ್ಯಾಟಿಕ್ ಆದ್ರೆ ಬ್ರೇಕ್ ಒತ್ತಿದಾಗ ಹಿಂದಿನ ಲೈಟ್ ಬರ್ತಿದ್ಯಾ ಅಂತ ಯಾರಿಗಾದ್ರೂ ನೋಡೋಕೆ ಹೇಳಿ. ಬ್ರೇಕ್ ಪೆಡಲ್ ಹಿಂದಿರೋ ಸಣ್ಣ ಸ್ವಿಚ್ ಕೆಟ್ರೆ ಬಟನ್ ಸ್ಟಾರ್ಟ್ ಕಾರು ಕಲ್ಲಿನ ಥರ ಕೂತ್ಬಿಡತ್ತೆ, ಜನ ಟೋಯಿಂಗ್ ಕರೆಸ್ತಾರೆ. ಇನ್ನು ಸ್ಮಾರ್ಟ್ ಕೀ ಸೆಲ್ ಮುಗಿದಿದ್ರೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ, ತುಂಬಾ ಕಾರುಗಳಲ್ಲಿ ಆಗತ್ತೆ, ಆಗ್ಲಿಲ್ಲ ಅಂದ್ರೆ ಎಲ್ಲಿ ಹಿಡೀಬೇಕು ಅಂತ ಮ್ಯಾನುಯಲ್‌ನಲ್ಲಿ ಇರತ್ತೆ. ಸೆಲ್ ಬಹಳಷ್ಟು ಕೀಗಳಲ್ಲಿ ಸಿಆರ್2032, 3 ವೋಲ್ಟ್‌ದು, ವಾಚ್ ಅಂಗಡಿಯಲ್ಲೇ ಸಿಗತ್ತೆ.

ಈಗ ಮೀಟರ್ ತಗೊಳ್ಳಿ, ಇದೇ ಕ್ರಮದಲ್ಲಿ ಮಾಡಿ.

1. ಕಾರು ರಾತ್ರಿಯೆಲ್ಲಾ ನಿಂತ ಮೇಲೆ, ಏನೂ ಆನ್ ಮಾಡ್ದೆ, ಬ್ಯಾಟರಿ ಪ್ಲಸ್ಸು ಮೈನಸ್ಸಿಗೆ ಮೀಟರ್ ಇಡಿ. 12.6 ಇದ್ರೆ ಫುಲ್ಲು. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಹತ್ತತ್ರ ಖಾಲಿ. 12 ವೋಲ್ಟ್ ಬ್ಯಾಟರಿ ಅಂತ ಕರೀತೀವಲ್ಲ, ಅದಕ್ಕೇ ಮೀಟರ್ 12 ತೋರಿಸಿದ್ರೆ ಜನ ಸರಿ ಇದೆ ಅನ್ಕೊಂಡು ಮೋಸ ಹೋಗೋದು.

2. ಮೀಟರ್ ಅಲ್ಲೇ ಇರ್ಲಿ, ಇನ್ನೊಬ್ರು ಸೆಲ್ಫ್ ಹೊಡೀಲಿ. ಇಂಜಿನ್ ತಿರುಗೋವಾಗ 9.6ಕ್ಕಿಂತ ಕೆಳಗೆ ಬೀಳ್ಬಾರ್ದು. ಮುಂಚೆ 12.6 ಇದ್ದು ಸೆಲ್ಫ್ ಹೊಡೆದ ತಕ್ಷಣ 8ಕ್ಕೆ 7ಕ್ಕೆ ಕುಸಿದ್ರೆ ಹೆಚ್ಚಿನ ಪಾಲು ಬ್ಯಾಟರಿಯದ್ದೇ ತಪ್ಪು, ಚಾರ್ಜ್ ಮಾಡಿ ಇನ್ನೊಂದ್ಸಲ ನೋಡಿ ಆಮೇಲೆ ಬದಲಾಯ್ಸಿ. ನಮ್ಮ ಬಿಸಿಲಲ್ಲಿ, ಅದರಲ್ಲೂ ರಾಯಚೂರು ಕಲಬುರಗಿ ಕಡೆ, ಬ್ಯಾಟರಿ ಮೂರ್ನಾಕು ವರ್ಷ ಬಂದ್ರೆ ಅದು ದುಡಿದ ಹಾಗೇ ಲೆಕ್ಕ.

3. ನನ್ನ ಹದಿನಾಲ್ಕು ಸಾವಿರ ಉಳಿಸ್ತಿದ್ದ ಟೆಸ್ಟ್ ಇದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಪೋಸ್ಟ್ ಮೇಲೆ, ಅಂದ್ರೆ ಕೇಬಲ್ ತುದಿಯ ಕ್ಲ್ಯಾಂಪ್ ಮೇಲಲ್ಲ, ಬ್ಯಾಟರಿಯದ್ದೇ ಆದ ಲೋಹದ ಗೂಟದ ಮೇಲೆ. ಇನ್ನೊಂದು ಇಂಜಿನ್ನಿನ ಬಣ್ಣ ಇಲ್ಲದ ಲೋಹದ ಮೇಲೆ. ಸೆಲ್ಫ್ ಹೊಡೀವಾಗ ಸೊನ್ನೆ ಹತ್ರ, ಅಂದ್ರೆ 0.2 ಒಳಗೆ ಇರ್ಬೇಕು. ಅರ್ಧ ವೋಲ್ಟ್ ದಾಟಿದ್ರೆ ಅರ್ತ್ ದಾರಿಯಲ್ಲಿ ಎಲ್ಲೋ ತುಕ್ಕೋ ಲೂಸೋ ಇದೆ. ನನ್ನದ್ರಲ್ಲಿ 2.1 ತೋರಿಸಿತ್ತು. ಪ್ಲಸ್ ಕಡೆನೂ ಹೀಗೇ, ಬ್ಯಾಟರಿ ಪ್ಲಸ್ ಪೋಸ್ಟಿಂದ ಸ್ಟಾರ್ಟರ್‌ನ ದಪ್ಪ ಬೋಲ್ಟ್‌ವರೆಗೆ. ಎರಡೂ ಕಡೆ ಸರಿ ಇದ್ದು, ಬ್ಯಾಟರಿನೂ ಗಟ್ಟಿ ಇದ್ದು, ಆದ್ರೂ ಬರೀ ಟಕ್ ಅಂದ್ರೆ ಆಗ ಸ್ಟಾರ್ಟರ್ ಬಿಚ್ಚಿಸಿ.

4. ಕಾರು ಹೇಗೋ ಸ್ಟಾರ್ಟ್ ಆಯ್ತು ಅಂದ್ರೆ ಇಂಜಿನ್ ಓಡ್ತಿರೋವಾಗ ಬ್ಯಾಟರಿ ಮೇಲೆ 13.5ರಿಂದ 14.5 ಬರ್ಬೇಕು, ಹೆಡ್‌ಲೈಟ್ ಏಸಿ ಎಲ್ಲಾ ಹಾಕಿದ್ರೂ 13ರ ಮೇಲೇ ಇರ್ಬೇಕು. 12.3 ಇದ್ದು ನೋಡ್ತಾ ನೋಡ್ತಾ ಇಳೀತಿದ್ರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಅಥವಾ ಅದರ ಬೆಲ್ಟ್. 15 ದಾಟಿ ಅಲ್ಲೇ ನಿಂತ್ರೂ ಅಪಾಯ, ಬ್ಯಾಟರಿ ಬೇಯತ್ತೆ. ಒಂದು ಮಾತು, ಈಗಿನ ಕೆಲವು ಕಾರುಗಳಲ್ಲಿ ಮೈಲೇಜ್ ಉಳಿಸೋಕೆ ಕಂಪ್ಯೂಟರೇ ಬೇಕಂತ ಚಾರ್ಜಿಂಗ್ ಕಡಿಮೆ ಮಾಡತ್ತೆ, ಅಂಥದ್ರಲ್ಲಿ 12.7 ಕಂಡ ತಕ್ಷಣ ಗಾಬರಿ ಆಗ್ಬೇಡಿ, ಹೆಡ್‌ಲೈಟು ಬ್ಲೋವರ್ರು ಹಾಕಿ ಮತ್ತೆ ನೋಡಿ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಆನ್ ಆಗೋ ಕಾರಿದ್ರೆ ಅದಕ್ಕೆ ಪದೇ ಪದೇ ಸ್ಟಾರ್ಟ್ ಮಾಡೋದನ್ನ ತಾಳೋ ಇಎಫ್‌ಬಿ ಅಥವಾ ಎಜಿಎಂ ಅನ್ನೋ ಬ್ಯಾಟರಿನೇ ಬೇಕು, ಅಂಗಡಿಯವ್ರು ಸಾದಾ ಬ್ಯಾಟರಿ ಕಡಿಮೆಗೆ ಕೊಡ್ತೀನಿ ಅಂದ್ರೆ ಒಪ್ಕೋಬೇಡಿ, ಬೇಗ ಸಾಯತ್ತೆ.

ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಮೈನಸ್ ಮೊದ್ಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಹಾಕೋವಾಗ ಪ್ಲಸ್ ಮೊದ್ಲು ಮೈನಸ್ ಕೊನೆಗೆ, ಮೇಲೆ ತೆಳ್ಳಗೆ ವ್ಯಾಸಲೀನ್. ಜಂಪ್ ಸ್ಟಾರ್ಟ್ ಮಾಡೋರು ಕೆಂಪನ್ನ ಸತ್ತ ಬ್ಯಾಟರಿ ಪ್ಲಸ್‌ಗೆ, ಆಮೇಲೆ ಒಳ್ಳೇ ಬ್ಯಾಟರಿ ಪ್ಲಸ್‌ಗೆ, ಕಪ್ಪನ್ನ ಒಳ್ಳೇ ಬ್ಯಾಟರಿ ಮೈನಸ್‌ಗೆ, ಕೊನೇ ತುದಿ ಮಾತ್ರ ಸತ್ತ ಬ್ಯಾಟರಿಗೆ ಬೇಡ, ಆ ಕಾರಿನ ಇಂಜಿನ್ ಲೋಹಕ್ಕೆ ಹಾಕಿ. ಬ್ಯಾಟರಿ ಹತ್ರ ಹೈಡ್ರೋಜನ್ ಗ್ಯಾಸ್ ಇರತ್ತೆ, ಅಲ್ಲಿ ಕಿಡಿ ಹಾರಬಾರ್ದು. ತೆಗೆಯೋವಾಗ ಉಲ್ಟಾ ಕ್ರಮ.

ಎರಡು ದಿನ ನಿಲ್ಸಿದ್ರೆ ಬ್ಯಾಟರಿ ಖಾಲಿ

ಹೊಸ ಬ್ಯಾಟರಿ, ಚಾರ್ಜಿಂಗ್ ಸರಿ, ಆದ್ರೂ ವೀಕೆಂಡ್ ಕಳೆದು ಸೋಮವಾರ ಬೆಳಿಗ್ಗೆ ಡೆಡ್. ಅಂದ್ರೆ ಕಾರು ಮಲಗಿದ್ದಾಗಲೂ ಯಾರೋ ಕರೆಂಟ್ ಕುಡೀತಿದ್ದಾರೆ. ಬಹಳಷ್ಟು ಸಲ ಆ ಕಳ್ಳನ್ನ ನಾವೇ ಹೊರಗಿಂದ ತಂದು ಕೂರಿಸಿರ್ತೀವಿ, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ ಇಂಥವು.

ಹುಡುಕೋದು ಹೀಗೆ. ಬಾನೆಟ್ ತೆಗೆದಿಟ್ಟು, ಡ್ರೈವರ್ ಡೋರ್ ತೆಗೆದು ಅದರ ಲಾಕ್ ಕೊಂಡಿಯನ್ನ ಸ್ಕ್ರೂಡ್ರೈವರಿಂದ ಒತ್ತಿ, ಕಾರಿಗೆ ಡೋರ್ ಹಾಕಿದೆ ಅನ್ನಿಸೋ ಹಾಗೆ ಮಾಡಿ, ಕೀ ದೂರ ಇಡಿ. ಮೀಟರಿನ ಕೆಂಪು ಕಡ್ಡಿ 10 ಆಂಪ್ ತೂತಿಗೆ ಹಾಕಿ, ಬ್ಯಾಟರಿ ಮೈನಸ್ ಬಿಚ್ಚಿ, ಪೋಸ್ಟ್‌ಗೂ ಬಿಚ್ಚಿದ ಕೇಬಲ್‌ಗೂ ಮಧ್ಯೆ ಮೀಟರ್ ಸೇರ್ಸಿ. ಈಗ ಇಗ್ನಿಷನ್ ಆನ್ ಮಾಡ್ಬೇಡಿ, ಸೆಲ್ಫ್ ಅಂತೂ ಹೊಡೀಲೇಬೇಡಿ, ಮೀಟರ್ ಸುಟ್ಟೋಗತ್ತೆ. ಮೊದ್ಲು ಆಂಪ್‌ಗಟ್ಟಲೆ ತೋರ್ಸತ್ತೆ, ತಾಳಿ, ಒಳಗಿನ ಕಂಪ್ಯೂಟರ್‌ಗಳೆಲ್ಲಾ ನಿದ್ದೆಗೆ ಹೋಗೋಕೆ ಅರ್ಧ ಗಂಟೆ ಬೇಕಾಗತ್ತೆ, ಅಷ್ಟೊತ್ತಿಗೆ ಒಂದು ಕಾಫಿ ಕುಡ್ಕೊಂಡು ಬನ್ನಿ. ಕೊನೆಗೆ 0.05 ಆಂಪ್ ಒಳಗೆ ನಿಂತ್ರೆ ಸರಿ. 0.3 ಅಂತ ನಿಂತ್ರೆ ಲೆಕ್ಕ ಹಾಕಿ, ದಿನಕ್ಕೆ 7.2 ಆಂಪ್ ಅವರ್, 35 ಆಂಪ್ ಅವರ್‌ನ ಸಣ್ಣ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ, ಸೋಮವಾರದ ಕಥೆ ಅಲ್ಲೇ ಸಿಕ್ತು. ಈಗ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವುದನ್ನ ಕಿತ್ತಾಗ ನಂಬರ್ ದಬಕ್ ಅಂತ ಇಳೀತೋ ಆ ಲೈನಲ್ಲಿ ಕಳ್ಳ ಇದ್ದಾನೆ. ಕೆಲಸ ಮುಗಿದ ಮೇಲೆ ಮರೀದೆ ಕೆಂಪು ಕಡ್ಡಿ ವಾಪಸ್ ವೋಲ್ಟ್ ತೂತಿಗೆ ಹಾಕಿ, ಇಲ್ಲಾಂದ್ರೆ ಮುಂದಿನ ಸಲ ಬ್ಯಾಟರಿಗೆ ಇಟ್ಟ ತಕ್ಷಣ ನೇರ ಶಾರ್ಟ್, ನಾನು ಹೀಗೆ ಒಂದು ಮೀಟರ್‌ಗೆ ತಿಥಿ ಮಾಡಿದ್ದೀನಿ.

ಫ್ಯೂಸ್ ವಿಷ್ಯ ಬಂತಲ್ಲ, ಬಣ್ಣ ನೆನಪಿಡಿ, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪ್. ಕೀಳದೇನೂ ನೋಡ್ಬೋದು, ತಲೆ ಮೇಲೆ ಎರಡು ಸಣ್ಣ ಕಿಂಡಿ ಇರತ್ತೆ, ಆ ಲೈನ್ ಆನ್ ಇದ್ದಾಗ ಮೀಟರಿನ ಕಪ್ಪು ಕಡ್ಡಿ ಕಾರಿನ ಬಾಡಿಯ ಲೋಹಕ್ಕೆ ಇಟ್ಟು ಎರಡೂ ಕಿಂಡಿ ಮುಟ್ಟಿ, ಒಂದರಲ್ಲಿ 12 ಇದ್ದು ಇನ್ನೊಂದರಲ್ಲಿ ಇಲ್ಲ ಅಂದ್ರೆ ಸುಟ್ಟಿದೆ. 10 ಪದೇ ಪದೇ ಸುಡ್ತಿದೆ ಅಂತ 20 ಹಾಕೋರು ಇದ್ದಾರೆ, ಆಮೇಲೆ ಫ್ಯೂಸ್ ಬದ್ಲು ವೈರ್ ಸುಡತ್ತೆ, ಜೊತೆಗೆ ಕಾರು.

ಚೆಕ್ ಇಂಜಿನ್ ಲೈಟ್

ಹಳದಿ ಲೈಟ್ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಮನೆಗೋ ಗ್ಯಾರೇಜಿಗೋ ಹೋಗ್ಬೋದು. ಮಿಣುಕ್ತಿದ್ರೆ ಮಿಸ್‌ಫೈರ್, ಅಂದ್ರೆ ಸುಡದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗ್ತಿದೆ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗತ್ತೆ, ಅದರ ಬೆಲೆ ಕೇಳಿದ್ರೆ ತಲೆ ತಿರುಗತ್ತೆ, ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಹಾಕಿ. ಕೆಂಪು ಎಣ್ಣೆ ಡಬ್ಬಿ ಚಿತ್ರ ಬಂದ್ರೆ ಮಾತೇ ಇಲ್ಲ, ತಕ್ಷಣ ನಿಲ್ಸಿ ಆಫ್ ಮಾಡಿ.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರತ್ತೆ, ಕಾರಿನ ಕಂಪ್ಯೂಟರ್ ಹಿಡಿದ ತಪ್ಪಿನ ಕೋಡ್ ಓದೋ ಜಾಗ ಅದು, ಸಾಧಾರಣ ಬ್ಲೂಟೂತ್ ಡಾಂಗಲ್ ಹಾಕಿ ಫೋನಲ್ಲಿ ಆ್ಯಪ್ ಇಟ್ಕೊಂಡ್ರೆ ಕೋಡ್ ಓದ್ಬೋದು. ಆದ್ರೆ ಕೋಡ್ ಅನ್ನೋದು ಪಾರ್ಟಿನ ಹೆಸರಲ್ಲ, ಇಲ್ಲೇ ಜನ ಎಡವೋದು. ಪಿ0171 ಬಂತು ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗ್ತಿಲ್ಲ ಅಂತ ಅರ್ಥ, ಅದನ್ನ ಹೇಳಿದ್ದು ಆಕ್ಸಿಜನ್ ಸೆನ್ಸರ್, ಹೇಳಿದವನನ್ನೇ ಕಿತ್ತು ಹೊಸಬನ್ನ ಕೂರ್ಸಿದ್ರೆ ಅವನೂ ಅದೇ ಹೇಳ್ತಾನೆ. ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗೋ ರಬ್ಬರ್ ಪೈಪ್ ಒಡೆದಿರ್ಬೋದು, ವ್ಯಾಕ್ಯೂಮ್ ಹೋಸ್ ಕಳಚಿರ್ಬೋದು, ಫ್ಯೂಯಲ್ ಪ್ರೆಷರ್ ಕಮ್ಮಿ ಇರ್ಬೋದು, ಅದೆಲ್ಲಾ ಮೊದ್ಲು ನೋಡಿ. ಬ್ಯಾಟರಿ ಬಿಚ್ಚೋ ಮುಂಚೆ ಕೋಡ್ ಬರೆದಿಟ್ಕೊಳ್ಳಿ, ಆಮೇಲೆ ಅಳಿಸಿ ಹೋಗ್ಬೋದು. ಡಾಂಗಲ್ ಅಲ್ಲೇ ಬಿಟ್ರೆ ಅದೂ ಮೇಲೆ ಹೇಳಿದ ಕಳ್ಳರ ಸಾಲಿಗೇ ಸೇರತ್ತೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರು ಇಟ್ಕೊಂಡು ದಿನಾ ಮನೆಯಿಂದ ಆಫೀಸಿಗೆ ಐದು ಕಿಲೋಮೀಟರ್ ತೆವಳೋರಿಗೆ ಡಿಪಿಎಫ್ ಲೈಟ್ ಬರೋದು ಮಾಮೂಲಿ. ಹೊಗೆಯ ಮಸಿ ಹಿಡಿಯೋ ಜಾಲರಿ ಅದು, ಮಸಿ ಸುಟ್ಟುಹೋಗೋಕೆ ಸುಮಾರು 600 ಡಿಗ್ರಿ ಶಾಖ ಬೇಕು, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅದು ಎಲ್ಲಿ ಬರತ್ತೆ. ಲೈಟ್ ಬಂದ ತಕ್ಷಣ ನೈಸ್ ರೋಡೋ ಮೈಸೂರು ಹೈವೇನೋ ಹಿಡಿದು 2000 ಆರ್‌ಪಿಎಂ ಮೇಲೆ ಇರೋ ಹಾಗೆ ಗೇರ್ ಇಟ್ಕೊಂಡು 15-20 ನಿಮಿಷ ಒಂದೇ ಸಮ ಓಡ್ಸಿ, ಮಧ್ಯ ಆಫ್ ಮಾಡ್ಬೇಡಿ. ಇದನ್ನ ಅಸಡ್ಡೆ ಮಾಡಿ ಪದೇ ಪದೇ ಅರ್ಧಕ್ಕೆ ನಿಲ್ಸಿದ್ರೆ ಡೀಸೆಲ್ ಹೋಗಿ ಇಂಜಿನ್ ಆಯಿಲ್‌ಗೆ ಸೇರತ್ತೆ, ಆಯಿಲ್ ಅಳೆಯೋ ಕಡ್ಡಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆ ಆಗೋ ಬದ್ಲು ಜಾಸ್ತಿ ಕಾಣ್ಸಿದ್ರೆ ಖುಷಿ ಪಡಬೇಡಿ.

ಇಂಜಿನ್ ಹೀಟ್

ಯಾವಾಗ ಹೀಟ್ ಆಗತ್ತೆ ಅನ್ನೋದೇ ಇಲ್ಲಿ ಮೀಟರ್. ಟ್ರಾಫಿಕ್‌ನಲ್ಲಿ ಹೀಟು, ಹೈವೇಲಿ ತಣ್ಣಗೆ ಅಂದ್ರೆ ರೇಡಿಯೇಟರ್ ಫ್ಯಾನ್ ಕಡೆ ನೋಡಿ, ಏಸಿ ಹಾಕಿದಾಗ ಫ್ಯಾನ್ ತಿರುಗ್ಬೇಕು, ಇಲ್ಲಾಂದ್ರೆ ಫ್ಯೂಸ್, ಆಮೇಲೆ ರಿಲೇ (ಕರೆಂಟಿಂದ ಆನ್ ಆಫ್ ಆಗೋ ಸ್ವಿಚ್ಚು), ಆಮೇಲೆ ಮೋಟಾರ್ ನೋಡಿ. ರಿಲೇ ಅನುಮಾನ ಇದ್ರೆ ಮೇಲೆ ಅದೇ ನಂಬರ್ ಇರೋ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಿ, ಖರ್ಚಿಲ್ಲದ ಟೆಸ್ಟು. ಟ್ರಾಫಿಕ್‌ನಲ್ಲಿ ಸರಿ ಇದ್ದು ಶಿರಾಡಿ ಹತ್ತೋವಾಗ ಹೀಟ್ ಆದ್ರೆ ಕೂಲಂಟ್ ಕಡಿಮೆ, ರೇಡಿಯೇಟರ್ ಕಟ್ಟಿರೋದು ಅಥವಾ ವಾಟರ್ ಪಂಪ್. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಲ್ಲೇ ಹೀಟ್ ಏರಿ, ರೇಡಿಯೇಟರ್ ಕೆಳಗಿನ ಹೋಸ್ ಮಾತ್ರ ತಣ್ಣಗೇ ಇದ್ರೆ ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿಯಾದಾಗ ಕೂಲಂಟನ್ನ ರೇಡಿಯೇಟರ್‌ಗೆ ಬಿಡೋ ಕವಾಟ, ತೆರ್ಕೊಳ್ತಿಲ್ಲ.

ದಾರೀಲಿ ಕೆಂಪು ಲೈಟ್ ಬಂದ್ರೆ ಏಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗ್ಸಿ, ಸೆಕೆಗೆ ಸಾಯ್ತೀರಾ ಆದ್ರೆ ಇಂಜಿನ್ ಉಳಿಯತ್ತೆ, ಜಾಗ ಸಿಕ್ಕ ಕೂಡ್ಲೇ ನಿಲ್ಸಿ. ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಒಳಗೆ ಒತ್ತಡ ಇರೋದ್ರಿಂದ 100 ಡಿಗ್ರಿ ದಾಟಿದ್ರೂ ನೀರು ಕುದೀದೆ ಇರತ್ತೆ, ಮುಚ್ಚಳ ಸಡಿಲ ಮಾಡಿದ ಕ್ಷಣ ಎಲ್ಲಾ ಒಟ್ಟಿಗೆ ಕುದ್ದು ಮುಖಕ್ಕೆ ಹಾರತ್ತೆ. ಮುಕ್ಕಾಲು ಗಂಟೆ ಕಾಯಿರಿ. ಬೋರ್‌ವೆಲ್ ನೀರು ಹಾಕೋ ಚಾಳಿ ನಮ್ಮಲ್ಲಿ ಜಾಸ್ತಿ, ಬಯಲುಸೀಮೆ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮನೆ ಗೀಸರ್ ಕಾಯಿಲ್ ನೋಡಿದ್ರೆ ಗೊತ್ತಾಗತ್ತೆ, ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕೂರತ್ತೆ. ತುರ್ತಿಗೆ ಹಾಕಿದ್ರೂ ಊರು ಸೇರಿದ ಮೇಲೆ ಫ್ಲಶ್ ಮಾಡಿಸಿ ಸರಿಯಾದ ಕೂಲಂಟ್ ಹಾಕ್ಸಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ಥರ ಬಿಳಿ ಲೋಳೆ, ಜೊತೆಗೆ ಸೈಲೆನ್ಸರಿಂದ ನಿಲ್ಲದ ಬಿಳಿ ಹೊಗೆ, ಕೂಲಂಟ್ ದಿನಾ ಕಡಿಮೆ, ಇಷ್ಟೂ ಇದ್ರೆ ಹೆಡ್ ಗ್ಯಾಸ್ಕೆಟ್, ಅದು ನಮ್ಮ ನಿಮ್ಮ ಕೈಯಲ್ಲಿ ಆಗೋ ಕೆಲಸ ಅಲ್ಲ.

ಘಾಟಿ ಇಳಿಯೋ ಬ್ರೇಕು

ಚಾರ್ಮಾಡಿಯೋ ಆಗುಂಬೆಯೋ ಇಳೀವಾಗ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬಂದು ಕೆಳಗೆ ಸುಟ್ಟ ವಾಸನೆ, ಪೆಡಲ್ ಮೆತ್ತಗೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳತ್ತೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದ್ರಲ್ಲಿ ಕನಿಷ್ಠ 230 ಡಿಗ್ರಿಗೆ ಕುದಿಯೋದು, ತೇವ ಸೇರಿದ ಮೇಲೆ 155ರ ಹತ್ರಕ್ಕೇ ಕುದಿಯೋಕೆ ಶುರು ಮಾಡ್ಬೋದು, ಕುದಿದ್ರೆ ಪೈಪಲ್ಲಿ ಆವಿ, ಆವಿಯನ್ನ ಒತ್ತಿದ್ರೆ ಬ್ರೇಕ್ ಹಿಡಿಯಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯ್ಸಿ, ಮಲೆನಾಡು ಕರಾವಳಿಯವ್ರು ಇದನ್ನ ಮುಂದೆ ಹಾಕಲೇಬೇಡಿ. ಹತ್ತೋಕೆ ಯಾವ ಗೇರ್ ಬೇಕೋ ಅದೇ ಗೇರಲ್ಲಿ ಇಳೀರಿ. ಆಯಿಲ್ ಲೆವೆಲ್ ಇಳಿದಿದ್ರೆ ಟಾಪ್‌ಅಪ್ ಮಾಡೋ ಮುಂಚೆ ಪ್ಯಾಡ್ ನೋಡಿ, ಪ್ಯಾಡ್ ಸವೆದಷ್ಟೂ ಲೆವೆಲ್ ಇಳಿಯತ್ತೆ, 3 ಮಿಲಿಮೀಟರ್‌ಗೆ ಬಂದಿದ್ರೆ ಹೊಸದು ಹಾಕ್ಸಿ. ಪ್ಯಾಡ್ ದಪ್ಪ ಇದ್ದೂ ಲೆವೆಲ್ ಇಳೀತಿದ್ರೆ ಲೀಕ್, ಕಾರು ಹೊರಗೆ ತೆಗೀಬೇಡಿ.

ಬ್ರೇಕ್ ಹಾಕಿದಾಗ ಮಾತ್ರ ಸ್ಟೀರಿಂಗ್ ನಡುಗಿದ್ರೆ ಡಿಸ್ಕ್, ಬ್ರೇಕ್ ಹಾಕದೇನೂ 80-100ರಲ್ಲಿ ನಡುಗಿದ್ರೆ ವೀಲ್ ಬ್ಯಾಲೆನ್ಸಿಂಗ್. ಮಂಗಳೂರು ಉಡುಪಿ ಮಳೆಯಲ್ಲಿ ರಾತ್ರಿ ನಿಂತ ಕಾರು ಬೆಳಿಗ್ಗೆ ಮೊದಲ ಬ್ರೇಕಿಗೆ ಗರಗರ ಅನ್ನೋದು ಡಿಸ್ಕ್ ಮೇಲಿನ ತೆಳು ತುಕ್ಕು, ಎರಡು ಮೂರು ಸಲ ಬ್ರೇಕ್ ಹಾಕಿದ್ರೆ ಹೋಗತ್ತೆ, ಅದಕ್ಕೆ ದುಡ್ಡು ಕೊಡಬೇಡಿ.

ಏಸಿ ಬಗ್ಗೆ ಎರಡೇ ಮಾತು. ಗಾಳಿನೇ ಕಡಿಮೆ ಅಂದ್ರೆ ಕ್ಯಾಬಿನ್ ಫಿಲ್ಟರ್, ಬಹಳಷ್ಟು ಕಾರಲ್ಲಿ ಗ್ಲೋವ್‌ಬಾಕ್ಸ್ ಹಿಂದೆ, ಕೈಯಲ್ಲೇ ತೆಗೀಬೋದು. ಗಾಳಿ ಇದೆ ತಂಪಿಲ್ಲ ಅಂದ್ರೆ ಗ್ಯಾಸ್ ಮುಗಿದಿದೆ ಸಾರ್ ಅಂತಾರೆ, ಗ್ಯಾಸ್ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ, ಒಂದೇ ವರ್ಷಕ್ಕೆ ಕಡಿಮೆ ಆಗಿದ್ರೆ ಎಲ್ಲೋ ಸೋರ್ತಿದೆ, ಎಲ್ಲಿ ಅಂತ ತೋರಿಸಿ ಆಮೇಲೆ ತುಂಬಿ ಅನ್ನಿ.

ಮಳೆ ನೀರಲ್ಲಿ ಕಾರು ಆಫ್ ಆದ್ರೆ ಮತ್ತೆ ಸೆಲ್ಫ್ ಹೊಡೀಬೇಡಿ. ನೀರನ್ನ ಗಾಳಿ ಥರ ಹಿಂಡೋಕಾಗಲ್ಲ, ಸಿಲಿಂಡರ್ ಒಳಗೆ ನೀರಿದ್ದು ಪಿಸ್ಟನ್ ಮೇಲೆ ಬಂದ್ರೆ ಕನೆಕ್ಟಿಂಗ್ ರಾಡ್ ಬಾಗತ್ತೆ. ಇಂಜಿನ್ ಪ್ರೊಟೆಕ್ಟ್ ಆ್ಯಡ್‌ಆನ್ ಇಲ್ಲದ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ಸಾಮಾನ್ಯವಾಗಿ ದುಡ್ಡು ಬರಲ್ಲ. ಆಗೋದಾದ್ರೆ ಬ್ಯಾಟರಿ ಮೈನಸ್ ಬಿಚ್ಚಿ, ಎಳೆಸ್ಕೊಂಡು ಹೋಗಿ, ಏರ್ ಫಿಲ್ಟರ್ ಒದ್ದೆ ಇದ್ಯಾ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದ್ಯಾ ನೋಡ್ಸಿ.

ಕೊನೆಗೆ ಇಲಿ. ನಗಬೇಡಿ, ಕಾರಣ ಗೊತ್ತಾಗದ ಎಷ್ಟೋ ಎಲೆಕ್ಟ್ರಿಕಲ್ ಫಾಲ್ಟಿಗೆ ಇವರೇ ಕಾರಣ, ಒಂದಿನ ಇಂಡಿಕೇಟರ್ ಇಲ್ಲ, ಮಾರನೇ ದಿನ ಚೆಕ್ ಇಂಜಿನ್, ಆಮೇಲೆ ಫ್ಯಾನ್ ಇಲ್ಲ. ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ, ಬ್ಯಾಟರಿ ಟ್ರೇ ಕೆಳಗೆ ಟಾರ್ಚ್ ಬಿಡಿ, ಹಿಕ್ಕೆ, ಬಟ್ಟೆ ಚೂರು, ಅರ್ಧ ತಿಂದ ಬ್ರೆಡ್ ಕಂಡ್ರೆ ಕೋಡ್ ಓದೋ ಮುಂಚೆ ವೈರ್ ಓದಿ. ತಂಬಾಕು ಸೊಪ್ಪು, ನುಸಿಗುಳಿಗೆ, ಸ್ಪ್ರೇ ಎಲ್ಲಾ ನಾನು ನೋಡಿದ್ದೀನಿ, ಒಂದು ವಾರ ಕೆಲಸ ಮಾಡತ್ತೆ, ಆಮೇಲೆ ಅವಕ್ಕೆ ರೂಢಿ ಆಗತ್ತೆ. ನನಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಏರ್ ಇನ್‌ಟೇಕ್ ಬಾಯಿಗೂ ಕ್ಯಾಬಿನ್ ಗಾಳಿ ಬರೋ ಕಿಂಡಿಗೂ ಹಾಕಿಸಿದ ಸ್ಟೀಲ್ ಜಾಲರಿ, ಮತ್ತೆ ಕಾರೊಳಗೆ ಮಕ್ಕಳು ಬೀಳ್ಸಿದ ಕುರುಕಲು ದಿನಾ ಗುಡ್ಸೋದು. ಕಡಿದ ವೈರ್‌ಗೆ ಬರೀ ಟೇಪ್ ಸುತ್ತಿ ಬಿಡಬೇಡಿ, ಬೆಸುಗೆ ಹಾಕ್ಸಿ ಮೇಲೆ ಹೀಟ್‌ಶ್ರಿಂಕ್ (ಬಿಸಿ ಮಾಡಿದ್ರೆ ವೈರಿಗೆ ಬಿಗಿಯಾಗಿ ಅಂಟೋ ಪ್ಲಾಸ್ಟಿಕ್ ಕೊಳವೆ) ಎಳೆಸಿ, ಟೇಪ್ ಬಿಸಿಗೆ ಬಿಚ್ಕೊಳ್ಳತ್ತೆ, ಆಗ ಮತ್ತೆ ಮೀಟರ್ ತಗೊಂಡು ಒಂದನೇ ಸ್ಟೆಪ್ಪಿಂದ ಶುರು ಮಾಡ್ಬೇಕಾಗತ್ತೆ.